ಸ್ಪೆಷಲ್ ಎಜುಕೇಶನ್ ಓದಿಲ್ಲದವರು ವಿದೇಶದಲ್ಲಿ ವಿಶೇಷ ಚೇತನ ಮಕ್ಕಳ ಜೊತೆ ಸ್ವಯಂಸೇವೆ ಮಾಡಬಹುದಾ?

ಖಂಡಿತ ಮಾಡಬಹುದು. ಆದರೆ ಎರಡು ವಾರಕ್ಕೆ ದುಡ್ಡು ಕಟ್ಟಿಸಿಕೊಂಡು ಕರೆದುಕೊಂಡು ಹೋಗುವ ಟೂರ್ ಥರದ ಕಾರ್ಯಕ್ರಮಗಳು ಬೇಡ. ಮಗು ನಿಮ್ಮ ಮುಖ ಗುರುತು ಹಿಡಿಯುವ ಹೊತ್ತಿಗೆ ನೀವು ವಾಪಸ್ ಹೊರಟಿರುತ್ತೀರಿ. ಅದು ಆ ಮಗುವಿಗೆ ನೋವು, ಅಲ್ವಾ?

ನಾನು ಹೇಳುವುದು ಸ್ಕಾಟ್ಲೆಂಡಿನ ಕ್ಯಾಂಪ್‌ಹಿಲ್ ಬಗ್ಗೆ. ವಿಶೇಷ ಚೇತನರು ಮತ್ತು ಸ್ವಯಂಸೇವಕರು ಒಟ್ಟಿಗೆ ಬದುಕುವ ಸಮುದಾಯ ಅದು. ನಾಜಿಗಳ ಕಾಟಕ್ಕೆ ಆಸ್ಟ್ರಿಯಾ ಬಿಟ್ಟು ಬಂದ ಮಕ್ಕಳ ವೈದ್ಯ ಕಾರ್ಲ್ ಕ್ಯೋನಿಗ್ ಮತ್ತು ಜೊತೆಗಾರರು 1940ರಲ್ಲಿ ಅಬರ್ಡೀನ್ ಹತ್ತಿರ ಇದನ್ನು ಶುರು ಮಾಡಿದರು. ಇಲ್ಲಿ ಸ್ವಯಂಸೇವಕರು ಸಾಮಾನ್ಯವಾಗಿ ಒಂದು ವರ್ಷ ಇರುತ್ತಾರೆ. ಊಟ, ವಸತಿ, ಸ್ವಲ್ಪ ಕೈಖರ್ಚು ಸಿಗುತ್ತದೆ. ಡಿಗ್ರಿಗಿಂತ ತಾಳ್ಮೆ ಮುಖ್ಯ, ಬೇಕಾದ ತರಬೇತಿ ಅಲ್ಲೇ ಕೊಡುತ್ತಾರೆ.

ಕೆಲಸ ದಿನನಿತ್ಯದ್ದು. ಎಬ್ಬಿಸುವುದು, ಹಲ್ಲುಜ್ಜಿಸುವುದು, ಊಟಕ್ಕೆ ಜೊತೆಗೆ ಕೂರುವುದು. ಮಾತು ಬಾರದ ಮಗುವಿನ ಮುಂದೆ ಶೂ ಚಿತ್ರದ ಕಾರ್ಡ್ ಹಿಡಿದು ಸುಮ್ನೆ ಕಾಯಬೇಕು. ಹತ್ತು ನಿಮಿಷ ಆದರೂ ಆಗಲಿ. ನೀವೇ ಶೂ ಹಾಕಿಬಿಟ್ಟರೆ ಬೇಗ ಮುಗಿಯುತ್ತದೆ, ಆದರೆ ಮಗು ಕಲಿಯುವುದಿಲ್ಲ. ಅದು ತಾನೇ ಕಾಲು ಮುಂದೆ ಚಾಚಿದ ದಿನ ನಿಮಗಾಗುವ ಖುಷಿಯೇ ಬೇರೆ!

ಹೀಗೆ ಒಂದು ವರ್ಷ ಸ್ವಯಂಸೇವೆಗೆ ಬ್ರಿಟನ್ನಿಗೆ ಹೋಗಲು ಟೂರಿಸ್ಟ್ ವೀಸಾ ಸಾಲದು. ಚಾರಿಟಿ ವರ್ಕರ್ ವೀಸಾ ಬೇಕು, ಅದು 12 ತಿಂಗಳವರೆಗೆ ಸಿಗುತ್ತದೆ. ಕರೆಸಿಕೊಳ್ಳುವ ಸಂಸ್ಥೆಯೇ ಅದಕ್ಕೆ ಪ್ರಾಯೋಜಕ ಪತ್ರ ಕೊಡಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ. ನಿಮ್ಮ ಹಿನ್ನೆಲೆ ಏನೂ ವಿಚಾರಿಸದೆ ಮಕ್ಕಳ ಹತ್ತಿರ ಬಿಡುವ ಸಂಸ್ಥೆಗೆ ದಯವಿಟ್ಟು ಹೋಗಬೇಡಿ.

ಹೊರಡುವ ಮೊದಲು ನಿಮ್ಮೂರಿನ ವಿಶೇಷ ಶಾಲೆಯಲ್ಲಿ ಮೂರು ತಿಂಗಳು ಕೆಲಸ ಮಾಡಿ ನೋಡಿ.