ಬ್ಯಾಟರಿ ಖಾಲಿಯಾಗಿದೆಯೋ, ಕೆಟ್ಟಿದೆಯೋ?

ಪ್ರಶ್ನೆ: ನನ್ನ ಕಾರಿನ ಬ್ಯಾಟರಿಗೆ ಈಗ 20 ತಿಂಗಳು, ವಾರಂಟಿ 36 ತಿಂಗಳಿದೆ. ಎರಡು ವಾರಗಳಿಂದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಕಟಕಟ ಸದ್ದು ಮಾತ್ರ ಬರುತ್ತದೆ, ಇನ್ನೊಂದು ಕಾರಿನಿಂದ ಕೇಬಲ್ ಹಾಕಿ ಎಂಜಿನ್ ಚಾಲೂ ಮಾಡಬೇಕಾಗುತ್ತದೆ. ಹಾಗೆಯೇ ಓಡಿಸಿಕೊಂಡು ಮಾರಾಟಗಾರರ ಬಳಿ ಹೋದಾಗ ಅವರು ಮೀಟರ್ ಹಿಡಿದು, 12.7 ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿಯೇ ಇದೆ ಎಂದು ಹಿಂದಕ್ಕೆ ಕಳುಹಿಸಿದರು. ನಿಜಸ್ಥಿತಿ ತಿಳಿಯುವುದು ಹೇಗೆ? ವಾರಂಟಿಯಲ್ಲಿ ಬದಲಿ ಬ್ಯಾಟರಿ ಕೇಳಬಹುದೇ?

ಉತ್ತರ: ಮಾರಾಟಗಾರರು ಓದಿದ ಅಂಕಿ ಸುಳ್ಳಲ್ಲ, ಓದಿದ ಹೊತ್ತು ಸರಿಯಿಲ್ಲ. ಕಾರು ಓಡುವಾಗ ಆಲ್ಟರ್ನೇಟರ್, ಅಂದರೆ ಎಂಜಿನ್ ಬಲದಿಂದ ವಿದ್ಯುತ್ ತಯಾರಿಸುವ ಯಂತ್ರ, ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್‌ನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ. ಎಂಜಿನ್ ನಿಂತ ಮೇಲೂ ಒಳಗಿನ ಫಲಕಗಳ ಮೇಲ್ಮೈಯಲ್ಲಿ ಉಳಿಯುವ ಚಾರ್ಜು ಕೆಲವು ಗಂಟೆಗಳವರೆಗೆ ಇಲ್ಲದ ಶಕ್ತಿಯನ್ನು ಇದೆಯೆಂದು ತೋರಿಸುತ್ತದೆ. ಆದ್ದರಿಂದ ರಾತ್ರಿಯಿಡೀ ನಿಂತಿದ್ದ ಕಾರಿನಲ್ಲಿ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲೇ, ಮಲ್ಟಿಮೀಟರನ್ನು ಬ್ಯಾಟರಿಯ ಎರಡು ಕಂಬಗಳಿಗೆ ನೇರವಾಗಿ ತಾಗಿಸಿ ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಪೂರ್ತಿ ತುಂಬಿದೆ, 12.2 ಇದ್ದರೆ ಸುಮಾರು ಅರ್ಧ, 11.9ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಒಳಗೆ ತಲಾ 2.1 ವೋಲ್ಟಿನ ಆರು ಸೆಲ್‌ಗಳಿರುವುದರಿಂದ, ಎಷ್ಟು ಚಾರ್ಜ್ ಮಾಡಿದರೂ ಅಂಕಿ ಮತ್ತೆ ಮತ್ತೆ 10.5ರ ಆಸುಪಾಸಿಗೆ ಇಳಿಯುತ್ತಿದ್ದರೆ ಒಂದು ಸೆಲ್ ಸತ್ತಿದೆಯೆಂದೇ ತಿಳಿಯಬೇಕು.

ಆದರೆ ಖಾಲಿಯಾದ ಬ್ಯಾಟರಿಯೆಲ್ಲ ಕೆಟ್ಟ ಬ್ಯಾಟರಿಯಲ್ಲ, ಮತ್ತು ಹೆಚ್ಚಿನ ವಾರಂಟಿ ಅರ್ಜಿಗಳು ಜಗಳಕ್ಕೆ ತಿರುಗುವುದು ಇಲ್ಲಿಯೇ. ಕಾರು ನಿಂತಿರುವಾಗ ಗಡಿಯಾರ, ಅಲಾರಂ ಮುಂತಾದವು ಸಾಮಾನ್ಯವಾಗಿ 50 ಮಿಲಿಆ್ಯಂಪಿಯರ್‌ನೊಳಗೆ ವಿದ್ಯುತ್ ಎಳೆಯಬೇಕು. ಡಿಕ್ಕಿಯ ದೀಪವೊಂದು ಆರದೆ ಉಳಿದರೂ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಸೋಲಬಹುದು. ಇದನ್ನು ಬೇರ್ಪಡಿಸಿ ನೋಡಲು ಒಂದು ಸರಳ ಉಪಾಯವಿದೆ. ಗಾಳಿಯಾಡುವ ಜಾಗದಲ್ಲಿ ಚಾರ್ಜರಿನಿಂದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ತಂತಿಯನ್ನು ಕಳಚಿ, ಎರಡು ರಾತ್ರಿ ಹಾಗೆಯೇ ಬಿಡಿ. ಆಮೇಲೂ 12.6 ವೋಲ್ಟ್ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಾರನ್ನು. ಏನನ್ನೂ ಜೋಡಿಸದಿದ್ದರೂ ಗಣನೀಯವಾಗಿ ಇಳಿದಿದ್ದರೆ ದೋಷ ಬ್ಯಾಟರಿಯದು. ಕಂಬಗಳ ಮೇಲೆ ಬಿಳಿ ಅಥವಾ ನೀಲಿ ಪುಡಿ ಕಟ್ಟಿದ್ದರೆ ಅದನ್ನು ಮೊದಲೇ ಉಜ್ಜಿ ತೆಗೆಯಿರಿ. ಇಷ್ಟಕ್ಕೇ ಸರಿಹೋದ ಕಾರುಗಳೂ ಉಂಟು.

ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಒಡೆದ ಕವಚ, ಕಾರಿಗೆ ಹೊಂದದ ಗಾತ್ರ, ಆಲ್ಟರ್ನೇಟರ್ ದೋಷದಿಂದಾದ ಹಾನಿ ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಹೀಗಾಗಿ ಬರಿಯ ವೋಲ್ಟೇಜ್ ಹಿಡಿದು ವಾದಿಸಬೇಡಿ. ಪೂರ್ತಿ ಚಾರ್ಜ್ ಮಾಡಿದ ಮೇಲೆ ಲೋಡ್ ಟೆಸ್ಟ್ ಮಾಡಿಕೊಡಿ ಎಂದು ಕೇಳಿ: ಕವಚದ ಮೇಲೆ ನಮೂದಿಸಿರುವ ಸಿಸಿಎ, ಅಂದರೆ ಚಳಿಯಲ್ಲಿ ಎಂಜಿನ್ ತಿರುಗಿಸುವ ಸಾಮರ್ಥ್ಯ, ಅದರ ಅರ್ಧದಷ್ಟು ವಿದ್ಯುತ್ತನ್ನು 15 ಸೆಕೆಂಡು ಎಳೆದಾಗ, ಸಾಧಾರಣ ಹವೆಯಲ್ಲಿ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿಯಬಾರದು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ, ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾದ ಸಾಕ್ಷಿ. ಒಂದು ಸೆಲ್ಲಿನ ಸಾಂದ್ರತೆ ಉಳಿದವುಗಳಿಗಿಂತ 0.050ರಷ್ಟು ಕಡಿಮೆಯಿದ್ದರೆ ಆ ಸೆಲ್ ದೋಷಯುಕ್ತವೆಂದು ಯಾರೇ ಆದರೂ ಒಪ್ಪಬೇಕಾಗುತ್ತದೆ. ಸೀಲ್ ಮಾಡಿದ ಬ್ಯಾಟರಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ, ವಾರಂಟಿ ಅಲ್ಲಿಗೇ ಮುಗಿಯಬಹುದು. ಪರೀಕ್ಷೆಗೆ ಒಂದೆರಡು ದಿನ ಬ್ಯಾಟರಿಯನ್ನು ಅಲ್ಲಿಯೇ ಇಟ್ಟುಕೊಂಡರೆ ಬೇಸರಿಸಬೇಡಿ, ಆದರೆ ಒಪ್ಪಿಸಿದ್ದಕ್ಕೆ ರಸೀದಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಬರಹದಲ್ಲಿ ಪಡೆಯಿರಿ. ಖರೀದಿ ಬಿಲ್ ಮತ್ತು ವಾರಂಟಿ ಕಾರ್ಡಿನಲ್ಲಿರುವ ಕ್ರಮಸಂಖ್ಯೆ ಬ್ಯಾಟರಿಯ ಮೇಲಿನದಕ್ಕೆ ಹೊಂದುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ನೋಡಿಕೊಳ್ಳಿ.

ಪ್ರಶ್ನೆ: ವಾರಂಟಿಯಲ್ಲಿ ಬದಲಿಸಿಕೊಟ್ಟ ಬ್ಯಾಟರಿಗೆ ಹೊಸ ವಾರಂಟಿ ಶುರುವಾಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ, ಮೊದಲ ಖರೀದಿಯ ದಿನದಿಂದ ಎಣಿಸಿ ಉಳಿದಿರುವ ಅವಧಿಯಷ್ಟೇ ಅದಕ್ಕೆ ಸಿಗುತ್ತದೆ. ಅಲ್ಲದೆ ಹಲವು ವಾರಂಟಿಗಳಲ್ಲಿ ಮೊದಲ ಭಾಗದಲ್ಲಷ್ಟೇ ಉಚಿತ ಬದಲಿ, ನಂತರದ ತಿಂಗಳುಗಳಲ್ಲಿ ಹೊಸ ಬ್ಯಾಟರಿಯ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಹಳೆಯ ಬಿಲ್ಲನ್ನು ಎಸೆಯದೆ, ಬದಲಿ ಕೊಟ್ಟ ದಿನಾಂಕ ಹಾಗೂ ಹೊಸ ಕ್ರಮಸಂಖ್ಯೆಯನ್ನು ಕಾರ್ಡಿನಲ್ಲಿ ಬರೆಸಿ ಮುದ್ರೆ ಹಾಕಿಸಿಕೊಳ್ಳಿ.