ಎಲೆಕ್ಟ್ರಿಕ್ ಕಾಲದಲ್ಲಿ ಪೆಟ್ರೋಲ್ ಪರ್ಫಾರ್ಮೆನ್ಸ್ ಕಾರಿಗೆ ಭವಿಷ್ಯ ಇದೆಯಾ? ಈಗ ಕೊಂಡರೆ ಆಮೇಲೆ ಬೇಜಾರಾಗುತ್ತದಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಇವೆ. ಎಲ್ಲರೂ ಎಲೆಕ್ಟ್ರಿಕ್ ಕಡೆ ಹೋಗುತ್ತಿರುವಾಗ ವೇಗದ ಪೆಟ್ರೋಲ್ ಕಾರುಗಳು ಉಳಿಯುತ್ತವಾ ಅನ್ನೋದು ಒಂದು. ಈಗ ಒಂದನ್ನು ಕೊಂಡರೆ ದುಡ್ಡು ದಂಡವಾಗುತ್ತದಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೀಗಿದೆ: ಕೋಟಿ ಬೆಲೆಯ ಪೆಟ್ರೋಲ್ ಕಾರುಗಳು ಆರಾಮಾಗಿ ಉಳಿಯುತ್ತವೆ. ತಿಂಗಳ ಸಂಬಳದವರು ಸಾಲ ಮಾಡಿ ಕೊಳ್ಳುವಂಥ ಚುರುಕಾದ ಪೆಟ್ರೋಲ್ ಕಾರುಗಳು ಮಾತ್ರ ಒಂದೊಂದಾಗಿ ಹೋಗುತ್ತಿವೆ. ನನಗೆ ನಿಜವಾಗಿ ಸಂಕಟ ಆಗುವುದು ಇದಕ್ಕೇ.

ಮೊದಲು ಪಿಕಪ್ ಲೆಕ್ಕ ಮುಗಿಸಿಬಿಡೋಣ. 2025ರಲ್ಲಿ ಟಾಟಾದ ಎಲೆಕ್ಟ್ರಿಕ್ ಕಾರು ಹ್ಯಾರಿಯರ್ ಇವಿಯ ಆಲ್‌ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ) ಮಾದರಿ 28.99 ಲಕ್ಷದ ಎಕ್ಸ್‌ಶೋರೂಮ್ ಬೆಲೆಗೆ ಬಂತು. ಸೊನ್ನೆಯಿಂದ ನೂರು ಕಿ.ಮೀ. ವೇಗಕ್ಕೆ 6.3 ಸೆಕೆಂಡು ಅಂತ ಕಂಪನಿ ಹೇಳುತ್ತದೆ. ಅದೇ ವರ್ಷ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 49.99 ಲಕ್ಷಕ್ಕೆ ಬಂತು. ಅದಕ್ಕೆ 6.4 ಸೆಕೆಂಡು. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸುಮಾರು 53 ಲಕ್ಷ, 5.9 ಸೆಕೆಂಡು. ಅಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆಗೆ ಹೋಗುವ ದೊಡ್ಡ ಎಸ್‌ಯುವಿ, ಅದಕ್ಕಿಂತ 20 ಲಕ್ಷ ಜಾಸ್ತಿ ಬೆಲೆಯ ಪೆಟ್ರೋಲ್ ಕಾರಿನ ಪಕ್ಕದಲ್ಲೇ ಓಡುತ್ತದೆ. ಹೊರಗಿನ ಲೆಕ್ಕವೂ ಹೀಗೇ ಇದೆ. ಚೀನಾದ ಶಿಯೋಮಿ ಎಸ್‌ಯು7 ಅಲ್ಟ್ರಾ 1,548 ಪಿಎಸ್ (ಕುದುರೆಶಕ್ತಿಯ ಒಂದು ಅಳತೆ) ಶಕ್ತಿಯ ನಾಲ್ಕು ಬಾಗಿಲಿನ ಕಾರು. ಬಿವೈಡಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 2025ರಲ್ಲಿ ಜರ್ಮನಿಯ ಟೆಸ್ಟ್ ಟ್ರ್ಯಾಕ್‌ನಲ್ಲಿ ಗಂಟೆಗೆ 496 ಕಿ.ಮೀ. ದಾಟಿತು. ನೇರ ರಸ್ತೆಯ ಓಟದಲ್ಲಿ ಎಲೆಕ್ಟ್ರಿಕ್ ಗೆದ್ದಾಗಿದೆ. ಅದರ ಬಗ್ಗೆ ಜಗಳ ಆಡುವುದರಲ್ಲಿ ಅರ್ಥ ಇಲ್ಲ.

ಹಾಗಿದ್ದರೆ ಪೆಟ್ರೋಲ್ ಕಾರು ಯಾರಿಗೆ ಬೇಕು? ನನ್ನಂಥವರಿಗೆ ಬೇಕು. ನಾನು ಚಿಕ್ಕಮಗಳೂರಿನವನು. ಕಾಫಿ ತೋಟಗಳ ನಡುವೆ ರ‍್ಯಾಲಿ ನೋಡುತ್ತಾ ಬೆಳೆದವನು. ಚಾರ್ಮಾಡಿ ಘಾಟಿಯಲ್ಲಿ ಬೆಳಗಿನ ಹೊತ್ತು ಗೇರ್ ಕಾರು ಓಡಿಸುವುದು ಏನು ಅಂತ ಹೇಳಿದರೆ ನನ್ನ ಮಾತು ಅರ್ಥ ಆಗಬಹುದು. ತಿರುವು ಹತ್ತಿರ ಬಂದಾಗ ಬ್ರೇಕ್ ಒತ್ತುತ್ತೀರಿ. ಮೂರರಿಂದ ಎರಡಕ್ಕೆ ಇಳಿಸಬೇಕು. ಬಲಗಾಲಿನ ಬೆರಳ ಕಡೆ ಬ್ರೇಕ್ ಮೇಲೇ ಇರುತ್ತದೆ, ಪಾದದ ಹೊರ ಅಂಚಿನಿಂದ ಆಕ್ಸಿಲರೇಟರ್ ಒಮ್ಮೆ ತಟ್ಟಬೇಕು. ಎಂಜಿನ್ ಸ್ವಲ್ಪ ಏರಿದ ಆ ಕ್ಷಣಕ್ಕೆ ಸರಿಯಾಗಿ ಕ್ಲಚ್ ಬಿಟ್ಟರೆ ಗೇರ್ ಬೆಣ್ಣೆಯ ಹಾಗೆ ಕೂರುತ್ತದೆ. ಗಾಡಿ ಜರ್ಕ್ ಹೊಡೆಯುವುದಿಲ್ಲ, ಮುಂದಿನ ಚಕ್ರಗಳ ಮೇಲಿನ ಭಾರ ಅಲುಗಾಡುವುದಿಲ್ಲ. ತಪ್ಪಿದರೆ ಇಡೀ ಕಾರು ಒಮ್ಮೆ ತೊನೆಯುತ್ತದೆ. ಇದಕ್ಕೆ 150 ಕಿ.ಮೀ. ವೇಗ ಬೇಕಿಲ್ಲ. 40ರಲ್ಲೇ ಆಗುತ್ತದೆ. ನಿಮ್ಮ ಲೇನ್ ಬಿಟ್ಟು ಆಚೆ ಹೋಗುವ ಅಗತ್ಯವೂ ಇಲ್ಲ, ಹೋಗಲೂಬಾರದು.

ಸ್ನೇಹಿತರೊಬ್ಬರ ಎಲೆಕ್ಟ್ರಿಕ್ ಕಾರನ್ನು ಅದೇ ರಸ್ತೆಯಲ್ಲಿ ಓಡಿಸಿದ್ದೇನೆ. ಹತ್ತುವಾಗ ಅದರ ಶಕ್ತಿ ಅದ್ಭುತ. ಇಳಿಯುವಾಗ ಬ್ರೇಕ್ ಮುಟ್ಟದೆ ಬ್ಯಾಟರಿ ತುಂಬಿಕೊಳ್ಳುತ್ತದೆ, ಅದೂ ಚೆಂದ. ಆದರೆ ಎರಡು ಟನ್ ದಾಟಿದ ತೂಕ ಪ್ರತಿ ತಿರುವಿನಲ್ಲೂ ಗೊತ್ತಾಗುತ್ತದೆ. ಮತ್ತೆ, ನಾನು ಚೆನ್ನಾಗಿ ಓಡಿಸಿದರೂ ಸುಮಾರಾಗಿ ಓಡಿಸಿದರೂ ಅದು ಒಂದೇ ಥರ ಹೋಗುತ್ತದೆ. ಈ ಕೊರತೆ ಕಂಪನಿಗಳಿಗೂ ಗೊತ್ತು. ಹ್ಯುಂಡೈ ತನ್ನ ಐಯಾನಿಕ್ 5 ಎನ್ ಕಾರಿಗೆ ಇಲ್ಲದ ಗೇರನ್ನು ಸಾಫ್ಟ್‌ವೇರ್‌ನಲ್ಲಿ ಸೃಷ್ಟಿಸಿದೆ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದರೆ ಎಂಟು ಗೇರ್ ಇರುವ ಹಾಗೆ ಎಳೆತ, ಸದ್ದು, ಗೇರ್ ಬದಲಾಗುವಾಗಿನ ಒದೆತ ಎಲ್ಲ ಸಿಗುತ್ತದೆ. ಆರುನೂರು ಕುದುರೆಶಕ್ತಿ ದಾಟಿದ ಕಾರಿಗೂ ಇದು ಬೇಕು ಅಂತ ಅವರ ಎಂಜಿನಿಯರುಗಳಿಗೆ ಅನ್ನಿಸಿತಲ್ಲ, ಅದು ಸಣ್ಣ ವಿಷಯ ಅಲ್ಲ.

ಶ್ರೀಮಂತರ ಮಾರುಕಟ್ಟೆ ಇದನ್ನು ಆಗಲೇ ತೋರಿಸಿಕೊಟ್ಟಿದೆ. ಮಾಟೆ ರಿಮಾಕ್ ಕ್ರೊಯೇಷಿಯಾದಲ್ಲಿ ನೆವೆರಾ ಎಂಬ ಎಲೆಕ್ಟ್ರಿಕ್ ಹೈಪರ್‌ಕಾರ್ ಮಾಡಿ ದಾಖಲೆ ಮೇಲೆ ದಾಖಲೆ ಬರೆದವರು. ಬುಗಾಟಿ ಅವರ ಕೈಗೆ ಬಂದಾಗ ಎಲ್ಲರೂ ಎಲೆಕ್ಟ್ರಿಕ್ ಬುಗಾಟಿ ಬರುತ್ತದೆ ಅಂದುಕೊಂಡಿದ್ದರು. 2024ರಲ್ಲಿ ಅವರು ತಂದದ್ದು ಟೂರ್ಬಿಯೋನ್. ಅದರಲ್ಲಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ 8.3 ಲೀಟರಿನ 16 ಸಿಲಿಂಡರ್ ಪೆಟ್ರೋಲ್ ಎಂಜಿನ್ ಇದೆ, ಜೊತೆಗೆ ಎಲೆಕ್ಟ್ರಿಕ್ ಮೋಟಾರ್‌ಗಳೂ ಇವೆ, ಅಂದರೆ ಅದು ಹೈಬ್ರಿಡ್. ಫೆರಾರಿ 2030ಕ್ಕೆ ತನ್ನ ಮಾದರಿಗಳಲ್ಲಿ 40% ಎಲೆಕ್ಟ್ರಿಕ್ ಎಂದಿದ್ದ ಗುರಿಯನ್ನು 2025ರಲ್ಲಿ 20%ಕ್ಕೆ ಇಳಿಸಿತು. ಮರ್ಸಿಡಿಸ್ ತನ್ನ ಎಎಂಜಿ ಸಿ63 ಕಾರಿನಿಂದ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು, ಎರಡು ಲೀಟರಿನ ನಾಲ್ಕು ಸಿಲಿಂಡರ್ ಹೈಬ್ರಿಡ್ ಹಾಕಿತು. ಶಕ್ತಿ 680 ಪಿಎಸ್‌ಗೆ ಏರಿತು, ತೂಕವೂ ಎರಡು ಟನ್ ದಾಟಿತು. ಹಳೆಯ ಅಭಿಮಾನಿಗಳು ಅದನ್ನು ಒಪ್ಪಲೇ ಇಲ್ಲ. ಅಮೆರಿಕದ ಡಾಡ್ಜ್ ಎಲೆಕ್ಟ್ರಿಕ್ ಚಾರ್ಜರ್ ತಂದು, ಅದರ ಹಿಂದೆಯೇ ಆರು ಸಿಲಿಂಡರ್ ಪೆಟ್ರೋಲ್ ಚಾರ್ಜರನ್ನೂ ತಂದಿತು.

ಇದನ್ನೆಲ್ಲ ನೋಡಿ "ಪೆಟ್ರೋಲ್ ವಾಪಸ್ ಬಂತು" ಅಂತ ಖುಷಿಪಡುವ ವಿಡಿಯೊಗಳು ತುಂಬಾ ಇವೆ. ನಾನು ಆ ಖುಷಿಯಲ್ಲಿ ಸೇರಲಾರೆ. ಯುರೋಪಿನಲ್ಲಿ ಈ ಕೆಲವೇ ವರ್ಷಗಳಲ್ಲಿ ಯಾವ ಕಾರು ಹೋದವು ನೋಡಿ. ಫೋರ್ಡ್ ಫಿಯೆಸ್ಟಾ ಎಸ್‌ಟಿ ಹೋಯಿತು. ಹ್ಯುಂಡೈ ಐ20 ಎನ್, ಐ30 ಎನ್ ಹೋದವು. ಹೋಂಡಾ ಸಿವಿಕ್ ಟೈಪ್ ಆರ್ ಕೂಡ ಹೋಯಿತು. ಇವುಗಳಲ್ಲಿ ಹೆಚ್ಚಿನವು ಮಾಸ್ತರರು, ನರ್ಸ್‌ಗಳು, ಫ್ಯಾಕ್ಟರಿ ಕೆಲಸದವರು ಕೊಳ್ಳಬಹುದಾಗಿದ್ದ ಕಾರುಗಳು.

ಕಾರಣ ಸರಳವಾಗಿದೆ. ಅಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳು ಪ್ರತಿ ಕಿ.ಮೀ.ಗೆ ಬಿಡುವ ಕಾರ್ಬನ್ ಡೈಆಕ್ಸೈಡ್‌ನ ಸರಾಸರಿ ತೆಗೆಯುತ್ತಾರೆ. ಗುರಿ ಮೀರಿದರೆ ಪ್ರತಿ ಗ್ರಾಂಗೆ, ಪ್ರತಿ ಕಾರಿಗೆ 95 ಯುರೊ ದಂಡ. ಗುರಿಗಿಂತ 70 ಗ್ರಾಂ ಜಾಸ್ತಿ ಬಿಡುವ ಒಂದು ಹ್ಯಾಚ್‌ಬ್ಯಾಕ್ ಆ ಲೆಕ್ಕಕ್ಕೆ 6,650 ಯುರೊ ಹೊರೆ ಸೇರಿಸುತ್ತದೆ. 30 ಸಾವಿರ ಯುರೊ ಬೆಲೆಯ ಕಾರಿನ ಮೇಲೆ ಇಷ್ಟು ಬಿದ್ದರೆ ಯಾವ ಕಂಪನಿ ಮಾಡುತ್ತದೆ? 3 ಲಕ್ಷ ಯುರೊ ಬೆಲೆಯ ಕಾರಿಗೆ ಅದು ಒಂದು ಬಣ್ಣದ ಆಯ್ಕೆಯ ಖರ್ಚು. ಸಾಲದ್ದಕ್ಕೆ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಕಡಿಮೆ ಕಾರು ಮಾರುವ ಸಣ್ಣ ಕಂಪನಿಗಳಿಗೆ ಬೇರೆ ಗುರಿ ಕೇಳುವ ಅವಕಾಶ ಇದೆ, ಸಾವಿರಕ್ಕಿಂತ ಕಡಿಮೆ ಮಾರಿದರೆ ಪೂರ್ತಿ ವಿನಾಯಿತಿ. 2035ರಿಂದ ಹೊಸ ಕಾರುಗಳು ಕಾರ್ಬನ್ ಡೈಆಕ್ಸೈಡನ್ನು ಬಿಡಲೇಬಾರದು ಎಂಬ ನಿಷೇಧವನ್ನು, 90% ಇಳಿಸಿದರೆ ಸಾಕು ಅಂತ ಸಡಿಲಿಸುವ ಪ್ರಸ್ತಾವ 2025ರ ಕೊನೆಯಲ್ಲಿ ಬಂದಿದೆ ನಿಜ. ಉಳಿದ ಆ 10% ಯಾರ ಪಾಲಿಗೆ ಹೋಗುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ. ಅಮೆರಿಕದಲ್ಲಂತೂ ಅದೇ ವರ್ಷ ಮೈಲೇಜ್ ನಿಯಮ ಮೀರಿದ್ದರ ದಂಡವನ್ನೇ ಸೊನ್ನೆ ಮಾಡಿದರು. ಅಲ್ಲಿ ದೊಡ್ಡ ಎಂಜಿನ್‌ಗಳು ಇನ್ನಷ್ಟು ದಿನ ಬದುಕುತ್ತವೆ.

ನಮ್ಮಲ್ಲಿ ಕೊಲ್ಲುವುದು ತೆರಿಗೆ. 2025ರ ಸೆಪ್ಟೆಂಬರ್‌ನಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 18% ಜಿಎಸ್‌ಟಿ. ಒಂದರಲ್ಲಿ ಮೀರಿದರೂ 40%. ಇವಿಗೆ 5%. ತೆರಿಗೆ ಬಿಟ್ಟು 15 ಲಕ್ಷ ಆಗುವ ಒಂದು ಕಾರು ತೆಗೆದುಕೊಳ್ಳಿ. ಇವಿ ಆದರೆ 15.75 ಲಕ್ಷ. 1.5 ಟರ್ಬೊ ಪೆಟ್ರೋಲ್ ಆದರೆ 21 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ದಾಟಿದರೆ ಲೈಫ್ ಟ್ಯಾಕ್ಸ್ 18%, ಅಂದರೆ ಸೆಸ್ ಬಿಟ್ಟು ಇನ್ನೂ 3.78 ಲಕ್ಷ. ಸಣ್ಣ ಮೈಯಲ್ಲಿ ಗಟ್ಟಿ ಎಂಜಿನ್ ಇಡುವ ಆಸೆ ಈ ಲೆಕ್ಕದಲ್ಲೇ ಸತ್ತುಹೋಗುತ್ತದೆ. ನಮ್ಮ ಕಡೆ ಎಷ್ಟೋ ಹುಡುಗರಿಗೆ ಓಡಿಸುವ ಹುಚ್ಚು ಹತ್ತಿಸಿದ ಫೋಕ್ಸ್‌ವ್ಯಾಗನ್ ಪೋಲೊ 2022ರಲ್ಲಿ ನಿಂತಿತು. ಅದರ ಜಾಗಕ್ಕೆ ಇವತ್ತಿಗೂ ಯಾರೂ ಬಂದಿಲ್ಲ. 2025ರಲ್ಲಿ ಅದೇ ಕಂಪನಿಯ ಗಾಲ್ಫ್ ಜಿಟಿಐ ಬೇಕೆಂದರೆ ಸುಮಾರು 53 ಲಕ್ಷ ಕೊಡಬೇಕಿತ್ತು. ಆಕ್ಟೇವಿಯಾ ಆರ್‌ಎಸ್ ಬರೀ 100 ಬಂದವು, ಬಿಡುಗಡೆಗೆ ಮೊದಲೇ ಎಲ್ಲ ಬುಕ್ ಆಗಿದ್ದವು. ಕೊಳ್ಳುವ ಜನ ಇಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಕೃತಕ ಪೆಟ್ರೋಲ್ (ನೆಲದಿಂದ ತೆಗೆಯದೆ, ವಿದ್ಯುತ್ ಬಳಸಿ ಕಾರ್ಖಾನೆಯಲ್ಲಿ ಮಾಡುವುದು) ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಕೆಲವರು ನಂಬಿದ್ದಾರೆ. ಪೋರ್ಷೆ ಹಣ ಹಾಕಿರುವ ಹಾರು ಓನಿ ಘಟಕ ಚಿಲಿ ದೇಶದ ತುದಿಯಲ್ಲಿ, ಗಾಳಿ ವಿದ್ಯುತ್ ಬಳಸಿ 2022ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೊದಲ ಹಂತದ ಗುರಿ ವರ್ಷಕ್ಕೆ 1.3 ಲಕ್ಷ ಲೀಟರ್. ದಿನಕ್ಕೆ 5 ಸಾವಿರ ಲೀಟರ್ ಮಾರುವ ಒಂದು ಬಂಕ್‌ಗೆ ಅದು ಒಂದು ತಿಂಗಳಿಗೂ ಸಾಲದು. ರೇಸಿಂಗ್‌ಗೆ ಸಾಕಾಗಬಹುದು. ನಿಮ್ಮ ನನ್ನ ಗಾಡಿಗೆ ಅದನ್ನು ನಂಬಿ ಕೂರಬೇಡಿ.

ಈಗ ನಿಮ್ಮ ಎರಡನೇ ವಿಷಯ. ದಿನವೂ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಫೀಸಿಗೆ ಹೋಗಿ ಬರುವುದೇ ನಿಮ್ಮ ಓಡಾಟ ಆದರೆ, ಮನೆಯಲ್ಲಿ ಚಾರ್ಜ್ ಮಾಡುವ ಜಾಗ ಇದ್ದರೆ, ಕಣ್ಣುಮುಚ್ಚಿ ಇವಿ ತಗೊಳ್ಳಿ. ಪರ್ಫಾರ್ಮೆನ್ಸ್ ಕಾರು ಸಿಲ್ಕ್ ಬೋರ್ಡ್‌ನಲ್ಲಿ ನಿಂತು ಪೆಟ್ರೋಲ್ ಕುಡಿಯುವುದರಲ್ಲಿ ಯಾರಿಗೂ ಸುಖ ಇಲ್ಲ. ವಾರದ ಕೊನೆಗೆ ಮಲೆನಾಡಿನ ಕಡೆ ಹೋಗುವವರು, ಗೇರ್ ಹಾಕಿ ಓಡಿಸುವುದೇ ಇಷ್ಟ ಅನ್ನುವವರು ನೀವಾದರೆ ಈಗಲೇ ಕೊಳ್ಳಿ, ಕಾಯಬೇಡಿ. 20 ಲಕ್ಷದ ಎಕ್ಸ್‌ಶೋರೂಮ್ ಬೆಲೆಯ ಒಳಗೆ ಫೋಕ್ಸ್‌ವ್ಯಾಗನ್ ವರ್ಟಸ್ 1.5 ಟಿಎಸ್‌ಐ, ಹ್ಯುಂಡೈ ವರ್ನಾ 1.5 ಟರ್ಬೊ ಎರಡನ್ನೂ ಓಡಿಸಿ ನೋಡಿ. ಒಂದಕ್ಕೆ 150 ಪಿಎಸ್, ಇನ್ನೊಂದಕ್ಕೆ 160. ನನಗೆ ತಿರುವಿನ ರಸ್ತೆಯಲ್ಲಿ ವರ್ಟಸ್ ಇಷ್ಟ. ಬೆಲೆ ಬಿದ್ದುಹೋಗುತ್ತದೆ ಅನ್ನುವ ಭಯ ಬಿಡಿ. ಹೊಸದು ಬರುವುದು ನಿಂತಮೇಲೆ ಚೆನ್ನಾಗಿ ಇಟ್ಟುಕೊಂಡ ಪೋಲೊ ಜಿಟಿಗೆ ಜನ ಹೇಗೆ ಮುಗಿಬೀಳುತ್ತಾರೆ ಅಂತ ಸೆಕೆಂಡ್ ಹ್ಯಾಂಡ್ ಮಾರುವವರನ್ನು ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ಸ್ವಲ್ಪ ಹುಷಾರು. ಈ ಥರದ ಗಾಡಿಗಳನ್ನು ಜಾಸ್ತಿ ಜನ ರೀಮ್ಯಾಪ್ ಮಾಡಿಸಿರುತ್ತಾರೆ, ಅಂದರೆ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸಿರುತ್ತಾರೆ, ಮಾರುವ ಮೊದಲು ಕಂಪನಿಯ ಮೂಲ ಸೆಟ್ಟಿಂಗ್‌ಗೆ ವಾಪಸ್ ಹಾಕಿಸುತ್ತಾರೆ. ಸರ್ವಿಸ್ ದಾಖಲೆ ಪೂರ್ತಿ ಇಲ್ಲದಿದ್ದರೆ ಬಿಟ್ಟುಬಿಡಿ. 2023ಕ್ಕಿಂತ ಹಳೆಯದಾದರೆ 20% ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಅದರ ರಬ್ಬರ್ ಪೈಪು, ಸೀಲುಗಳು ಹೊಂದುತ್ತವಾ ಅಂತ ಮ್ಯಾನುಯಲ್ ನೋಡಿ ಕೇಳಿ. ನೋಡಲು ಹೋಗುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಫೋನ್‌ನಲ್ಲೇ ಹೇಳಿರಿ, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ, ಆಮೇಲೆ ನೀವೇ ಸ್ಟಾರ್ಟ್ ಮಾಡಿ; ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಎಂಜಿನ್‌ನ ತೊಂದರೆ ಬೇಗ ಗೊತ್ತಾಗುತ್ತದೆ. ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಇರುವ, ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಆದರೆ ಅರ್ಧ ಗಂಟೆ ಟ್ರಾಫಿಕ್‌ನಲ್ಲೇ ಓಡಿಸಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.