ಸಂಕಷ್ಟಿ ಚಂದ್ರ, ಟೆಕ್ಸಸ್ ಕಯೋಟಿ

ಓದುಗರ ಪತ್ರ (ಸ್ವಲ್ಪ ಚಿಕ್ಕದು ಮಾಡಿದ್ದೇವೆ; ಕಯೋಟಿ ಅಂದರೆ ಅಮೆರಿಕದ, ತೋಳದ ಜಾತಿಯ ಒಂದು ಕಾಡುಪ್ರಾಣಿ): “ಹೋದ ಸಂಚಿಕೆಯಲ್ಲಿ ಒಂದು ಚಿತ್ರದ ಕೆಳಗೆ ‘ಹುಣ್ಣಿಮೆ ಚಂದ್ರನನ್ನು ಕಂಡು ಊಳಿಡುತ್ತಿರುವ ಕಯೋಟಿ’ ಅಂತ ಬರೆದಿದ್ದೀರಿ. ನಾನು ಟೆಕ್ಸಸ್‌ನ ಸ್ಯಾನ್ ಆಂಜೆಲೊ ಹತ್ತಿರ ಆರು ವರ್ಷದಿಂದ ಇದ್ದೇನೆ. ಪಕ್ಕದ ಜಮೀನಿನವರು ಕುರಿ ಸಾಕಿದ್ದಾರೆ. ಕಯೋಟಿ ಬೇಟೆ ಆಡುತ್ತಾರೆ, ಟ್ರ್ಯಾಪೂ ಇಡುತ್ತಾರೆ. ಹುಣ್ಣಿಮೆ ರಾತ್ರಿ ಕಯೋಟಿ ಕೂಗುವುದೂ ಕಡಿಮೆ, ಕರೆದರೆ ಹತ್ತಿರ ಬರುವುದೂ ಕಡಿಮೆ ಅಂತ ಅವರು ಹೇಳುತ್ತಾರೆ. ಯಾವುದು ನಿಜ? ಬೆಳದಿಂಗಳಿಗೂ ಪ್ರಾಣಿಗಳಿಗೂ ನಿಜಕ್ಕೂ ಸಂಬಂಧ ಇದೆಯಾ, ಇಲ್ಲಾ ಇದೂ ಒಂದು ನಂಬಿಕೆಯಾ? ಈ ಚಳಿಗಾಲದಲ್ಲಿ ಟ್ರ್ಯಾಪ್ ಇಡುವುದಕ್ಕೆ ನನ್ನನ್ನೂ ಕರೆದಿದ್ದಾರೆ. ಹೋಗಲಾ ಬೇಡವಾ ಗೊತ್ತಾಗುತ್ತಿಲ್ಲ.”

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಚಿತ್ರದ ಕೆಳಗಿನ ಸಾಲು ನಾನೇ ಬರೆದದ್ದು, ಅದು ತಪ್ಪು. ನಿಮ್ಮ ಪಕ್ಕದವರು ಹೇಳಿದ್ದೇ ಸರಿ.

ಕಯೋಟಿ ಊಳಿಡುವುದು ಚಂದ್ರನಿಗಲ್ಲ, ಇನ್ನೊಂದು ಕಯೋಟಿಗೆ. ಗಂಡು ಹೆಣ್ಣು ಜೋಡಿಯಾಗಿ ಕೂಗಿದರೆ ‘ಈ ಜಾಗ ನಮ್ಮದು, ಒಳಗೆ ಬರಬೇಡಿ’ ಅಂತ ಅರ್ಥ. ಒಂದೇ ಉಸಿರಿನಲ್ಲಿ ಸ್ವರ ಏರಿಸಿ, ಇಳಿಸಿ, ಮುರಿದು, ಬೊಗಳಿ ಎಷ್ಟು ಥರ ಕೂಗುತ್ತವೆ ಅಂದರೆ ಎರಡೇ ಇದ್ದರೂ ಕತ್ತಲಲ್ಲಿ ಕೇಳುವವರಿಗೆ ಏಳೆಂಟು ಇರುವ ಹಾಗೆ ಅನ್ನಿಸುತ್ತದೆ. ನೀವೂ ಕೇಳಿರುತ್ತೀರಿ. ಕೂಗಿಗೂ ಚಂದ್ರನಿಗೂ ಏನು ನಂಟು ಅಂತ ಲೆಕ್ಕ ಹಾಕಿದ ಒಂದು ಅಧ್ಯಯನ 1996ರಲ್ಲಿ ಬಂದಿತ್ತು. ಗುಂಪಾಗಿ ಕೂಗುವುದು ಅಮಾವಾಸ್ಯೆ ಕಡೆಯ ಕತ್ತಲ ರಾತ್ರಿಗಳಲ್ಲೇ ಜಾಸ್ತಿ, ಹುಣ್ಣಿಮೆಯಲ್ಲಿ ಕಡಿಮೆ ಅಂತ ಅದರಲ್ಲಿ ಕಂಡುಬಂತು. ಮತ್ತೆ ಹುಣ್ಣಿಮೆಯ ಕಥೆ ಎಲ್ಲಿಂದ ಬಂತು? ನನಗೆ ಅನ್ನಿಸುವುದು ಇಷ್ಟು: ದನಿ ದೂರ ಹೋಗಲಿ ಅಂತ ಪ್ರಾಣಿ ಮೂತಿ ಮೇಲೆತ್ತುತ್ತದೆ, ಅದು ನಮ್ಮ ಕಣ್ಣಿಗೆ ಬೀಳುವುದು ಬೆಳದಿಂಗಳಿದ್ದಾಗ ಮಾತ್ರ. ಕತ್ತಲಲ್ಲಿ ಕೂಗಿದ್ದನ್ನು ಯಾರು ನೋಡುತ್ತಾರೆ?

ಇಲ್ಲಿನ ಓದುಗರಿಗಾಗಿ ಎರಡು ಮಾತು. ಕಯೋಟಿ ನಮ್ಮ ನರಿ, ತೋಳಗಳ ದಾಯಾದಿ. ಗಾತ್ರದಲ್ಲೂ ಎರಡರ ನಡುವೆ, ತೂಕ ಹೆಚ್ಚೂಕಡಿಮೆ 10ರಿಂದ 15 ಕಿಲೋ. ಹೆಸರು ಮೆಕ್ಸಿಕೋದ ನಾವಾಟ್ಲ್ ಭಾಷೆಯದು. ಥಾಮಸ್ ಸೇ ಎಂಬ ವಿಜ್ಞಾನಿ 1823ರಲ್ಲಿ ಇದಕ್ಕೆ ಕೊಟ್ಟ ಶಾಸ್ತ್ರೀಯ ಹೆಸರು ‘ಕ್ಯಾನಿಸ್ ಲ್ಯಾಟ್ರಾನ್ಸ್’, ಅಂದರೆ ಬೊಗಳುವ ನಾಯಿ. ಒಂದು ಕಾಲಕ್ಕೆ ಅಲ್ಲಿನ ಬಯಲುಸೀಮೆಯ ಪ್ರಾಣಿ. ಈಗ ಹವಾಯಿ ಬಿಟ್ಟರೆ ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಇದೆ, ಷಿಕಾಗೋ ನಗರದ ಒಳಗೂ ಇದೆ.

ಈಗ ಬೆಳದಿಂಗಳಿಗೆ ಬರೋಣ. ಸಂಬಂಧ ಖಂಡಿತ ಇದೆ. ಆದರೆ ಜನ ಅಂದುಕೊಂಡ ಹಾಗಿಲ್ಲ.

ಅಲ್ಲಿನ ಬೇಟೆಗಾರರ ಕ್ಯಾಲೆಂಡರಿನಲ್ಲಿ ದಿನದ ಪಕ್ಕ ಚಂದ್ರನ ಚಿತ್ರ ಇರುತ್ತದೆ. ಪೂರ್ತಿ, ಅರ್ಧ, ಕಾಲು, ಹೀಗೆ. ಅದನ್ನು ನೋಡಿ ಇವತ್ತು ಒಳ್ಳೆಯದು, ನಾಳೆ ಬೇಡ ಅಂತ ತೀರ್ಮಾನ ಮಾಡುತ್ತಾರೆ. ಅದರಲ್ಲಿ ಎರಡು ಎಡವಟ್ಟು ಇದೆ. ಒಂದು, ಅರ್ಧ ಚಂದ್ರ ಅಂದರೆ ಅರ್ಧ ಬೆಳಕಲ್ಲ. ಹುಣ್ಣಿಮೆಯಲ್ಲಿ ಬಿಸಿಲು ಚಂದ್ರನ ಮುಖಕ್ಕೆ ನೇರ ಬೀಳುತ್ತದೆ, ಅಲ್ಲಿನ ಗುಂಡಿ ಗುಡ್ಡಗಳ ನೆರಳು ನಮಗೆ ಕಾಣುವುದೇ ಇಲ್ಲ. ಅಷ್ಟಮಿಯಲ್ಲಿ ಬಿಸಿಲು ಓರೆಯಾಗಿ ಬಿದ್ದು ಎಲ್ಲಾ ಕಡೆ ನೆರಳು. ಹಾಗಾಗಿ ಅಷ್ಟಮಿ ಚಂದ್ರನ ಬೆಳಕು ಹುಣ್ಣಿಮೆಯ ಹತ್ತರಲ್ಲಿ ಒಂದು ಪಾಲು, ಅಷ್ಟೆ. ಎರಡನೆಯದು ಇನ್ನೂ ಮುಖ್ಯ. ಶುಕ್ಲಪಕ್ಷದ ಅಷ್ಟಮಿ ಚಂದ್ರ ಸೂರ್ಯ ಮುಳುಗುವಾಗಲೇ ನೆತ್ತಿ ಕಡೆ ಇರುತ್ತಾನೆ, ನಡುರಾತ್ರಿಗೆ ಮುಳುಗುತ್ತಾನೆ. ಕೃಷ್ಣಪಕ್ಷದ ಅಷ್ಟಮಿ ಚಂದ್ರ ಹುಟ್ಟುವುದೇ ನಡುರಾತ್ರಿಗೆ. ಚಿತ್ರದಲ್ಲಿ ಎರಡೂ ಅರ್ಧವೇ. ಪ್ರಾಣಿಗೆ ಮಾತ್ರ ಅವು ಎರಡು ಬೇರೆ ಬೇರೆ ರಾತ್ರಿ.

ನಮ್ಮ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸಂಕಷ್ಟಿ ದಿನ ಅಮ್ಮ ಉಪವಾಸ ಇದ್ದು, ಪೂಜೆಗೆ ಎಲ್ಲಾ ಅಣಿ ಮಾಡಿಟ್ಟುಕೊಂಡು, ಚಂದ್ರ ಬಂದನಾ ನೋಡು ಅಂತ ಮಕ್ಕಳನ್ನು ಹತ್ತು ಸಲ ಮಹಡಿಗೆ ಓಡಿಸುತ್ತಿದ್ದದ್ದು ನೆನಪಿದೆ ಅಲ್ವಾ? ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೇ ಬಂದವನು ಚೌತಿ ಹೊತ್ತಿಗೆ ಒಂಬತ್ತರ ಆಸುಪಾಸಿಗೆ ಬರುತ್ತಾನೆ. ಚಂದ್ರ ಇನ್ನೂ ದೊಡ್ಡದಾಗೇ ಇದ್ದಾನೆ, ಕ್ಯಾಲೆಂಡರಿನಲ್ಲಿ ‘ಬೆಳಕಿನ ರಾತ್ರಿ’. ಆದರೆ ಕತ್ತಲಾದ ಮೇಲೆ ಅವನು ಬರುವವರೆಗೆ ಎರಡು ಗಂಟೆಯಷ್ಟು ಹೊತ್ತು ಗವ್ವೆನ್ನುವ ಕತ್ತಲೆ. ಕಾಡಿನಲ್ಲಿ ಬಹಳ ನಡೆಯುವುದು ಆ ಎರಡು ಗಂಟೆಯಲ್ಲೇ.

ಸುಮ್ನೆ ಹೇಳುತ್ತಿಲ್ಲ. ಟಾಂಜಾನಿಯಾದಲ್ಲಿ 1988ರಿಂದ 2009ರವರೆಗೆ ಸಿಂಹ ಮನುಷ್ಯರ ಮೇಲೆ ಬಿದ್ದ ಪ್ರಕರಣಗಳನ್ನು ಒಂದೊಂದಾಗಿ ಚಂದ್ರನ ಲೆಕ್ಕಕ್ಕೆ ಹೊಂದಿಸಿ ನೋಡಿದರು. ಜಾಸ್ತಿ ದಾಳಿ ಆಗಿದ್ದು ಹುಣ್ಣಿಮೆ ಕಳೆದ ಮರುದಿನಗಳಲ್ಲಿ. ಅದೂ ಸಂಜೆ ಕಳೆದು ಚಂದ್ರ ಇನ್ನೂ ಹುಟ್ಟದ ಹೊತ್ತಿನಲ್ಲಿ. ಬೆಳದಿಂಗಳಲ್ಲಿ ಸಿಂಹಕ್ಕೆ ಬೇಟೆ ಸರಿಯಾಗಿ ಸಿಕ್ಕಿರುವುದಿಲ್ಲ, ಹಸಿದಿರುತ್ತದೆ. ಜನ ಇನ್ನೂ ಹೊರಗೆ ಓಡಾಡುತ್ತಿರುತ್ತಾರೆ.

ಇದನ್ನು ಓದಿದಾಗ ನನಗೆ ಹಿರಿಯೂರು ಕಡೆಯ ಒಂದು ರಾತ್ರಿ ನೆನಪಾಯಿತು. ಕುರಿ ಮಂದೆಯನ್ನು ಗೊಬ್ಬರಕ್ಕೆ ಅಂತ ಹೊಲದಲ್ಲಿ ತರುಬಿದ್ದರು. ನಾನು ವರದಿಗೆ ಹೋದವನು ಅಲ್ಲೇ ಉಳಿದಿದ್ದೆ. ಊಟ ಆದ ತಕ್ಷಣ ಕಂಬಳಿ ಹಾಸಲು ಹೋದೆ. ಕುರಿಯ ಅಜ್ಜ ತಡೆದ. ‘ತಿಂಗಳು ಮೂಡೋ ಗಂಟ ಕಣ್ಣು ಮುಚ್ಚಬ್ಯಾಡ, ತೋಳ ಬಂದ್ರೆ ಈಗ್ಲೇ ಬರೋದು’ ಅಂದ. ಎಲ್ಲರೂ ಎದ್ದು ಕೂತಿದ್ದೆವು. ನಾಯಿಗಳೂ ಮಲಗಿರಲಿಲ್ಲ. ಚಂದ್ರ ಗುಡ್ಡದ ಮೇಲೆ ಬಂದು ಕುರಿಗಳ ಬೆನ್ನು ಬೆಳ್ಳಗೆ ಕಾಣತೊಡಗಿದ ಮೇಲೆ ಅಜ್ಜ ಒಂದು ಮಾತೂ ಆಡದೆ ಅಡ್ಡಾದ.

ನಿಮ್ಮ ಕಡೆಯ ಮರಳು ನೆಲದಲ್ಲಿ ಕಾಂಗರೂ ಇಲಿ ಅಂತ ಒಂದು ಸಣ್ಣ ಪ್ರಾಣಿ ಇದೆ. ಹಿಂಗಾಲಿನಲ್ಲಿ ಕುಪ್ಪಳಿಸುತ್ತದೆ, ಬೀಜ ಆರಿಸಿ ತಿನ್ನುತ್ತದೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಇವಕ್ಕೆ, ಎಲ್ಲಿವೆ ಅಂತ ತಿಳಿಸುವ ಪುಟ್ಟ ರೇಡಿಯೋ ಕಟ್ಟಿ ನೋಡಿದಾಗ ಹುಣ್ಣಿಮೆ ರಾತ್ರಿ ಬಿಲದಿಂದ ಹೊರಗೆ ಬರುವುದನ್ನೇ ಕಡಿಮೆ ಮಾಡಿದ್ದವು. ಬಂದರೂ ಪೊದೆಯ ಬುಡ ಬಿಡುತ್ತಿರಲಿಲ್ಲ. ಹೊಟ್ಟೆ ಕೇಳುತ್ತದಾ? ರಾತ್ರಿ ಕಳೆದುಕೊಂಡಿದ್ದನ್ನು ಮುಸ್ಸಂಜೆಯಲ್ಲೂ ನಸುಕಿನಲ್ಲೂ ತುಂಬಿಸಿಕೊಳ್ಳುತ್ತಿದ್ದವು. ಆ ಹೊತ್ತಿನಲ್ಲಿ ಹಗಲು ಬೇಟೆಯಾಡುವ ಹಕ್ಕಿಗಳ ಬಾಯಿಗೆ ಬೀಳುತ್ತಿದ್ದವು, ಆ ಮಾತು ಬೇರೆ. ಉತ್ತರದ ಹಿಮದ ನಾಡಿನ ಮೊಲಗಳೂ ಹೀಗೇ. ಬಿಳಿ ಹಿಮದ ಮೇಲೆ ಬೆಳದಿಂಗಳು ಬಿದ್ದರೆ ಹೊರಗೆ ಬರಲು ಹಿಂಜರಿಯುತ್ತವೆ.

ಇನ್ನು ಕಯೋಟಿ. ಬೇಟೆಗೆ ಅದು ಮೂಗಿಗಿಂತ ಮೊದಲು ಕಣ್ಣನ್ನು ನಂಬುತ್ತದೆ. 1978ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೊಲ ಹುಡುಕುವಾಗ ಅದಕ್ಕೆ ಮೊದಲು ನೆರವಾದದ್ದು ಕಣ್ಣು, ಆಮೇಲೆ ಕಿವಿ, ಕೊನೆಗೆ ಮೂಗು. ಹಾಗಾದರೆ ಬೆಳದಿಂಗಳಲ್ಲಿ ಅದಕ್ಕೆ ಹಬ್ಬ ಆಗಬೇಕಿತ್ತು, ಅಲ್ವಾ? ಆದರೆ ಅದಕ್ಕೆ ಕಂಡ ಹಾಗೇ ಇಲಿಗೂ ಮೊಲಕ್ಕೂ ಅದು ಕಾಣುತ್ತದೆ. ತಿನ್ನುವುದೆಲ್ಲ ಬಿಲ ಸೇರಿರುತ್ತದೆ. 59 ಜಾತಿಯ ನಿಶಾಚರ ಸಸ್ತನಿಗಳ ಬಗ್ಗೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಇಬ್ಬರು ವಿಜ್ಞಾನಿಗಳು ನೋಡಿದಾಗ, ಒಟ್ಟಾರೆ ಬೆಳದಿಂಗಳು ಓಡಾಟವನ್ನು ಕುಗ್ಗಿಸುತ್ತದೆ ಅಂತ ಬಂತು. ಆದರೆ ಎಲ್ಲಕ್ಕೂ ಒಂದೇ ಥರ ಅಲ್ಲ. ಕಣ್ಣನ್ನೇ ನೆಚ್ಚಿ ಬದುಕುವ ಕಾಡುಪಾಪದಂಥವು ಬೆಳದಿಂಗಳಲ್ಲೇ ಹೆಚ್ಚು ಓಡಾಡುತ್ತವೆ. ಅವಕ್ಕೆ ಬೆಳಕಿದ್ದರೆ ಬರುವ ಶತ್ರು ಮೊದಲೇ ಕಾಣುತ್ತಾನೆ. ಯಾರು ಯಾರನ್ನು ಮೊದಲು ನೋಡುತ್ತಾರೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಿಮ್ಮ ಪಕ್ಕದವರಿಗೂ ಅದೇ ಲೆಕ್ಕ. ಮೊಲ ನೋವಿನಿಂದ ಕಿರುಚುವ ಹಾಗೆ ಪೀಪಿ ಊದಿ ಅಥವಾ ಸ್ಪೀಕರ್ ಇಟ್ಟು ಕರೆಯುತ್ತಾರೆ. ಕಯೋಟಿ ನೇರವಾಗಿ ಬರುವುದಿಲ್ಲ. ಸುತ್ತು ಹಾಕಿಕೊಂಡು, ಗಾಳಿ ತನ್ನ ಮುಖಕ್ಕೆ ಬೀಸುವ ಕಡೆಗೆ ಹೋಗಿ ವಾಸನೆ ನೋಡುತ್ತದೆ. ಕತ್ತಲಲ್ಲಾದರೆ ಸಾಕಷ್ಟು ಹತ್ತಿರ ಬಂದು ಸುತ್ತುತ್ತದೆ. ಹುಣ್ಣಿಮೆಯಲ್ಲಿ ದೂರದಲ್ಲೇ ಪೊದೆ ಅಂಚಿನಲ್ಲಿ ನಿಂತು ನೋಡಿ, ಕೂತವನ ಕೈ ಅಲುಗಿದ್ದು ಕಂಡರೆ ಅಲ್ಲಿಂದಲೇ ವಾಪಸ್. ಅದಕ್ಕೇ ಅನುಭವಸ್ಥರು ಜೂನಿಪರ್ ಮರದ ನೆರಳಿನಲ್ಲಿ, ಚಂದ್ರನಿಗೆ ಬೆನ್ನು ಹಾಕಿ ಕೂರುತ್ತಾರೆ. ಚಳಿಗಾಲದ ಹುಣ್ಣಿಮೆಯಲ್ಲಿ ಅದೂ ಕಷ್ಟ. ನಿಮ್ಮಲ್ಲಿ ಡಿಸೆಂಬರಿನ ಹುಣ್ಣಿಮೆ ಚಂದ್ರ ನಡುರಾತ್ರಿಗೆ ಹೆಚ್ಚೂಕಡಿಮೆ ನೆತ್ತಿ ಮೇಲೆ ಬರುತ್ತಾನೆ, ನೆರಳು ಮರದ ಬುಡಕ್ಕೆ ಮುದುಡಿಕೊಳ್ಳುತ್ತದೆ. ‘ಕರೆದರೆ ಬರುವುದಿಲ್ಲ’ ಅಂತ ಅವರು ಹೇಳಿದ್ದರಲ್ಲಿ ಇದೂ ಸೇರಿದೆ.

ಈಗ ಟ್ರ್ಯಾಪ್. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ, ಮುಚ್ಚಿಡುವುದಿಲ್ಲ. ಇಲ್ಲಿನ ಓದುಗರು ಒಂದು ಮಾತು ಗಮನಿಸಿ: ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ನರಿಗಾಗಲಿ ತೋಳಕ್ಕಾಗಲಿ ಉರುಳು ಇಡುವುದು ಅಪರಾಧ. ಟೆಕ್ಸಸ್‌ನಲ್ಲಿ ಖಾಸಗಿ ಜಮೀನಿನಲ್ಲಿ ಕಯೋಟಿ ಬೇಟೆ ವರ್ಷವಿಡೀ ಕಾನೂನುಬದ್ಧ, ರಾತ್ರಿಯೂ ಕೂಡ.

ಮಾಡುವುದು ಹೀಗೆ. ಎರಡು ದವಡೆಯ ಕಬ್ಬಿಣದ ಟ್ರ್ಯಾಪ್, ನಡುವೆ ಒತ್ತುವ ಬಿಲ್ಲೆ. ಕಯೋಟಿ ಓಡಾಡುವ ದಾರಿ ಪಕ್ಕ ಇಲಿ ತೋಡಿದ ಹಾಗೆ ಓರೆಯಾಗಿ ಒಂದು ತೂತು ಕೊರೆಯುತ್ತಾರೆ. ತೂತಿನೊಳಗೆ ವಾಸನೆಯ ಮಾಂಸ, ಮೇಲೆ ಕಯೋಟಿ ಮೂತ್ರದ ಎರಡು ಹನಿ. ತೂತಿನ ಮುಂದೆ ಒಂದು ಗೇಣು ಬಿಟ್ಟು ಟ್ರ್ಯಾಪನ್ನು ಅಲುಗಾಡದ ಹಾಗೆ ಮಣ್ಣಲ್ಲಿ ಕೂರಿಸಿ, ಜರಡಿಯಲ್ಲಿ ನಯವಾದ ಮಣ್ಣು ಉದುರಿಸಿ ಮುಚ್ಚುತ್ತಾರೆ. ಚೂರು ಅಲುಗಾಡಿದರೂ ಕಯೋಟಿಗೆ ಕಾಲಲ್ಲೇ ಗೊತ್ತಾಗುತ್ತದೆ. ಮೂಗು ತೂತಿನ ಕಡೆ, ಮುಂಗಾಲು ಬಿಲ್ಲೆ ಮೇಲೆ. ಆಮೇಲೆ ಅದು ಬೆಳಗಿನವರೆಗೆ, ಯಾರಾದರೂ ಬರುವವರೆಗೆ ಅಲ್ಲೇ ಇರುತ್ತದೆ. ಸುತ್ತಲಿನ ನೆಲ ಗುಂಡಗೆ ಉತ್ತಂತೆ ಕೆದರಿ ಹೋಗಿರುತ್ತದೆ. ಕ್ಯಾಲಿಫೋರ್ನಿಯಾ, ಕೊಲರಾಡೊ, ಮ್ಯಾಸಚೂಸೆಟ್ಸ್, ವಾಷಿಂಗ್ಟನ್ ರಾಜ್ಯಗಳ ಜನ 1996ರಿಂದ 2000ದ ಒಳಗೆ ಮತ ಹಾಕಿ ಇಂಥ ಟ್ರ್ಯಾಪಿಗೆ ಕಡಿವಾಣ ಹಾಕಿದ್ದು ಇದೇ ಕಾರಣಕ್ಕೆ.

ಕುರಿ ಸಾಕಿದವರ ನೋವು ನನಗೆ ಅರ್ಥವಾಗುತ್ತದೆ. ಬೆಳಗ್ಗೆ ಎದ್ದು ಹೋದರೆ ಗಂಟಲು ಸೀಳಿದ ಮರಿ ಕಾಣುವುದು ಸಣ್ಣ ಮಾತಲ್ಲ. ಆದರೆ ಸಿಕ್ಕ ಸಿಕ್ಕ ಕಯೋಟಿಯನ್ನು ಕೊಂದರೆ ಮರಿ ಉಳಿಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಎಂಬಲ್ಲಿ ಕುರಿ ಫಾರ್ಮಿನಲ್ಲೇ ಕಯೋಟಿಗಳಿಗೆ ರೇಡಿಯೋ ಕಟ್ಟಿ ವರ್ಷಗಟ್ಟಲೆ ನೋಡಿದರು. ಕುರಿ ಕೊಲ್ಲುತ್ತಿದ್ದದ್ದು ಬಹುಮಟ್ಟಿಗೆ ಆ ಜಾಗದ ಯಜಮಾನ ಜೋಡಿ, ಅದೂ ಮರಿ ಹಾಕಿ ಸಾಕುವ ಜೋಡಿ. ಟ್ರ್ಯಾಪಿಗೆ ಸುಲಭವಾಗಿ ಬೀಳುತ್ತಿದ್ದದ್ದು ಮಾತ್ರ ಎಳೆಯವು. ಯಜಮಾನನಿಗೆ ತನ್ನ ಜಾಗದ ಪ್ರತಿ ಕಲ್ಲೂ ಗೊತ್ತು, ಹೊಸದಾಗಿ ಕೆದಕಿದ ಮಣ್ಣು ಗೊತ್ತಾಗದೆ ಇರುತ್ತಾ?

ಅಮೆರಿಕದ ಕೃಷಿ ಇಲಾಖೆಯ ಒಂದು ವಿಭಾಗವೇ ಎಷ್ಟೋ ವರ್ಷಗಳಿಂದ ವರ್ಷಕ್ಕೆ ಸುಮಾರು 60 ಸಾವಿರ ಕಯೋಟಿ ಕೊಲ್ಲುತ್ತಾ ಬಂದಿದೆ. ಖಾಸಗಿ ಬೇಟೆ ಬೇರೆ. ಆದರೂ ಅವು ಕಡಿಮೆಯಾಗಿಲ್ಲ, ಹಬ್ಬಿವೆ. ಒಂದಷ್ಟು ಸತ್ತರೆ ಉಳಿದವಕ್ಕೆ ತಿನ್ನಲು ಜಾಸ್ತಿ ಸಿಗುತ್ತದೆ, ಎಳೆ ಹೆಣ್ಣುಗಳೂ ಮರಿ ಹಾಕುತ್ತವೆ, ಹುಟ್ಟಿದ ಮರಿಗಳು ಹೆಚ್ಚು ಬದುಕುತ್ತವೆ. ಪ್ರತಿ ವರ್ಷ ನೂರಕ್ಕೆ 75ರಷ್ಟನ್ನು ಕೊಂದರೂ ನಿರ್ನಾಮಕ್ಕೆ 50 ವರ್ಷ ಬೇಕು ಅಂತ 1975ರಲ್ಲೇ ಲೆಕ್ಕ ಹಾಕಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಟ್ರ್ಯಾಪ್ ಇಡುವ ಕೈ ನಿಮ್ಮದಾಗಬೇಡ. ಆದರೆ ಅವರ ಜೊತೆ ಹೋಗಿ. ಸ್ನೇಹ ಕೆಡಿಸಿಕೊಳ್ಳಬೇಡಿ. ಮರಿ ಹಾಕುವ ಸಮಯದಲ್ಲಿ ಕುರಿಗಳನ್ನು ರಾತ್ರಿ ದೊಡ್ಡಿಯೊಳಗೆ ಕೂಡುವುದಕ್ಕೆ ಎರಡು ಕೈ ಹೆಚ್ಚು ಬೇಕಾಗುತ್ತದೆ, ಅಲ್ಲಿಗೆ ಹೋಗಿ. ಹಟ್ಟಿ ಕಾಯುವುದಕ್ಕೆ ಗ್ರೇಟ್ ಪಿರನೀಸ್ ನಾಯಿ ಸಾಕುವವರು ನಿಮ್ಮ ಕಡೆ ಸಿಗುತ್ತಾರೆ, ಕೆಲವರು ಕತ್ತೆಯನ್ನೂ ಲಾಮಾ ಎಂಬ ಒಂಟೆ ಜಾತಿಯ ಪ್ರಾಣಿಯನ್ನೂ ಕಾವಲಿಗೆ ಬಿಡುತ್ತಾರೆ, ಅವರನ್ನು ಮಾತಾಡಿಸಿ. ಟ್ರ್ಯಾಪ್ ಇಟ್ಟೇ ಇಡುತ್ತೇನೆ ಅಂತ ಅವರು ಅಂದರೆ ದಿನ ಬೆಳಗಾದರೆ ತಪ್ಪದೆ ನೋಡಿ ಬರಬೇಕು ಅಂತ ಹೇಳಿ. ಅವರಿಗೆ ಆಗದ ದಿನ ನೀವೇ ಹೋಗಿ ನೋಡಿ ಹೇಳಿ. ನೀವು ಅಷ್ಟು ಮಾಡಿದರೂ ಒಂದು ಪ್ರಾಣಿ ಕೆಲವು ಗಂಟೆ ಕಡಿಮೆ ನರಳುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಕಯೋಟಿ ಕೂಗಿದ ಹೊತ್ತು, ಆಗ ಚಂದ್ರ ಹುಟ್ಟಿದ್ದನಾ ಇಲ್ಲವಾ, ಮೋಡ ಇತ್ತಾ, ಮರಿ ಹೋದ ರಾತ್ರಿ ಯಾವುದು, ಇಷ್ಟು ಸಾಕು. ಸಂಕಷ್ಟಿ ಆಸುಪಾಸಿನ ರಾತ್ರಿಗಳನ್ನು ಮಾತ್ರ ತಪ್ಪಿಸಬೇಡಿ. ನಿಮ್ಮ ಕಡೆಯ ಚಂದ್ರೋದಯದ ಹೊತ್ತನ್ನೇ ನೋಡಿ, ಊರಿನ ಪಂಚಾಂಗದ ಹೊತ್ತು ಅಲ್ಲಿಗೆ ಹೊಂದುವುದಿಲ್ಲ. ಚಳಿಗಾಲ ಮುಗಿದ ಮೇಲೆ ಕಳಿಸಿಕೊಡಿ, ಇದ್ದ ಹಾಗೇ ಅಚ್ಚು ಹಾಕುತ್ತೇವೆ. ಆ ಚಿತ್ರದ ಸಾಲನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಹಾಕುತ್ತಿದ್ದೇವೆ: ‘ಜೊತೆಗಾತಿಯನ್ನು ಕರೆಯುತ್ತಿರುವ ಕಯೋಟಿ. ಹಿಂದೆ ಹುಣ್ಣಿಮೆ ಚಂದ್ರ.’